ಹುಲಿಯ ಬಣ್ಣ ಬಿಡಿಸುವ ಎಣ್ಣೆ

“ಆಯ್ತಾ?” ಎಂದು ಹುಲಿ ಕೇಳಿತು.

“ಆಯ್ತು. ಏಳಿ.”

“ಇಷ್ಟು ಬೇಗ?”

ಅವನು ಕನ್ನಡಿಯ ಹತ್ತಿರ ಬಾಗಿ ಕೆನ್ನೆ ಮುಟ್ಟಿ ನೋಡಿಕೊಂಡ. ಹಳದಿಯಿಲ್ಲ, ಕಪ್ಪು ಪಟ್ಟೆಯಿಲ್ಲ, ಹುಬ್ಬಿನ ಸಂದಿಯಲ್ಲೂ ಏನೂ ಉಳಿದಿರಲಿಲ್ಲ. ಒಣ ಮುಖಕ್ಕೆ ಎಣ್ಣೆ ಸವರಿ, ಆಮೇಲೆ ಚೂರೇ ಚೂರು ನೀರು ಮುಟ್ಟಿಸಿದ್ದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿ, ಹುಲಿಯನ್ನೆಲ್ಲ ಕರಗಿಸಿಕೊಂಡು ಇಳಿದುಹೋಗಿತ್ತು. ನಾನು ಹೊಗಳಿಕೆಗಾಗಿ ಕಾದು ನಿಂತೆ.

“ಚೆನ್ನಾಗಿದೆ,” ಎಂದ, ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು. ಆಮೇಲೆ ತನ್ನ ಬಾಲವನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟೇಹೋದ.

ನನಗೆ ಮೈಯೆಲ್ಲ ಉರಿಯಿತು.

ನಮ್ಮದು ಮಕ್ಕಳ ನಾಟಕದ ತಂಡ. ಮೊಲ, ನರಿ, ಹುಲಿ ಎಲ್ಲರಿಗೂ ಬಣ್ಣ ಹಚ್ಚುವುದು, ಮಧ್ಯಾಹ್ನದ ಆಟ ಮುಗಿದ ಮೇಲೆ ಅದನ್ನು ಬಿಡಿಸುವುದು, ಎರಡೂ ನನ್ನ ಕೆಲಸ. ಅದರಲ್ಲಿ ಹುಲಿಯ ಬಣ್ಣ ಮಹಾ ಹಟಮಾರಿ. ಕೋಲ್ಡ್ ಕ್ರೀಮ್ ಬಳಿದು, ಹತ್ತಿಯಲ್ಲಿ ಉಜ್ಜಿ ಉಜ್ಜಿ ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಅರ್ಧ ಗಂಟೆಯೂ ಅವನು ಬಾಯಿ ಮುಚ್ಚಿದವನಲ್ಲ. ಯಾವ ಮಗು ಹೆದರಿ ಅತ್ತಿತು, ಯಾವ ಮಗು ಬಾಲ ಎಳೆಯಿತು, ಯಾರಪ್ಪ ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದ, ಎಲ್ಲ ವರದಿ ಒಪ್ಪಿಸುತ್ತಿದ್ದ. ಅದನ್ನು ಕೇಳದಿದ್ದರೆ ನನಗೂ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ಆದರೆ ಕೊನೆಗೆ ಅವನ ಕೆನ್ನೆ ಕೆಂಪಗೆ ಉರಿಯುವುದನ್ನು ಮಾತ್ರ ನನ್ನಿಂದ ನೋಡಲಾಗುತ್ತಿರಲಿಲ್ಲ. ಅದಕ್ಕೇ ಅಂಗಡಿ ಅಂಗಡಿ ಸುತ್ತಿ ಈ ಬಾಟಲಿ ಹುಡುಕಿದ್ದು. ಜಪಾನಿನ ಕ್ಲೆನ್ಸಿಂಗ್ ಆಯಿಲ್ ಅಂದಾಗ ಮೊದಲು ಪರ್ಸ್ ಗಟ್ಟಿಯಾಗಿ ಹಿಡಿದುಕೊಂಡೆ. ನೋಡಿದರೆ ನಮ್ಮ ಕ್ರೀಮಿನ ಡಬ್ಬಿಗಿಂತ ಅಗ್ಗ! ಅಂಗಡಿಯವಳು ನನ್ನ ಕೈ ಮೇಲೆ ಲಿಪ್‌ಸ್ಟಿಕ್ ಗೀಚಿ, ಎಣ್ಣೆ ಸವರಿ, ತೊಳೆದು ತೋರಿಸಿದಳು. “ಮುಖ ಒದ್ದೆ ಇದ್ರೆ ಮಾತ್ರ ಇದು ಕೆಲ್ಸ ಮಾಡಲ್ಲ, ನೆನಪಿರ್ಲಿ,” ಎಂದಳು. ಬಾಟಲಿಯ ಮೇಲಿನ ಜಪಾನಿ ಅಕ್ಷರ ಒಂದೂ ತಿಳಿಯಲಿಲ್ಲ, ಆದರೆ ನೀರಿನ ಹನಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದಿದ್ದು ಕಂಡಿತು. ಇದನ್ನೆಲ್ಲ ಹುಲಿರಾಯನಿಗೆ ಉತ್ಸಾಹದಿಂದ ವಿವರಿಸಿದ್ದೂ ನಾನೇ.

ಮಾರನೆಯ ದಿನದಿಂದ ಎಣ್ಣೆ ಕೈಕೊಟ್ಟಿತು.

ಮೊಲದ ಬಿಳಿ ಬಿಟ್ಟಿತು, ನರಿಯ ಕಂದು ಬಿಟ್ಟಿತು. ಹುಲಿಯ ಪಟ್ಟೆ ಮಾತ್ರ ಅಲ್ಲಾಡಲಿಲ್ಲ. ಹುಲಿ ಕತ್ತಿಗೆ ಟವೆಲ್ ಸುತ್ತಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಬಂದು ಕೂರುತ್ತಿತ್ತು. ನಾನು ಎಣ್ಣೆ ಹಚ್ಚಿದರೆ ಬಣ್ಣ ಜಾರಾಡುತ್ತಿತ್ತೇ ಹೊರತು ಕರಗುತ್ತಿರಲಿಲ್ಲ. ಮತ್ತೆ ಹತ್ತಿ, ಮತ್ತೆ ಉಜ್ಜಾಟ, ಮತ್ತೆ ಅರ್ಧ ಗಂಟೆ.

“ಪಾಪ, ಜಪಾನಿನವ್ರು ಹುಲಿ ನೋಡಿಲ್ವೇನೋ,” ಎಂದು ಅವನು ನಗುತ್ತಿದ್ದ.

“ನೀವು ಸ್ವಲ್ಪ ಸುಮ್ನಿರ್ತೀರಾ?”

“ಸುಮ್ನಿದ್ರೆ ನಿಮಗೆ ಬೇಜಾರಾಗಲ್ವಾ?”

ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನಾನು ಬೇಕೆಂದೇ ಹತ್ತಿ ಹುಡುಕತೊಡಗಿದೆ.

ಆದರೆ ನಮ್ಮ ನಿರ್ದೇಶಕರಿಗೆ ನಗು ಬರಲಿಲ್ಲ. ಅವರ ಹತ್ತಿರ ವಾದ ಮಾಡಿ, ಇನ್ನು ಮುಂದೆ ಇದೇ ಎಣ್ಣೆ ಎಂದು ಒಪ್ಪಿಸಿದವಳು ನಾನು. “ಇವತ್ತೊಂದು ದಿನ ನೋಡೋಣಮ್ಮ,” ಎಂದರು ಒಂದು ದಿನ ಆಟಕ್ಕೆ ಮುಂಚೆ. “ಹುಲಿ ಬಣ್ಣ ಹೋಗ್ಲಿಲ್ಲ ಅಂದ್ರೆ ಹಳೇ ಕ್ರೀಮೇ ಗತಿ. ಮುಂದಿನ್ ಸಲದಿಂದ ಸಾಮಾನೆಲ್ಲ ನಾನೇ ತರ್ತೀನಿ.” ನನ್ನ ಕೆಲಸದ ಮೇಲೆ ಅವರಿಗಿದ್ದ ನಂಬಿಕೆಯೇ ಹೋಯಿತಲ್ಲ ಎಂದು ಚಿಕ್ಕಮ್ಮನ ಮುಂದೆ ಗೋಳಾಡಿದೆ.

ತಂಡಕ್ಕೆ ಬಟ್ಟೆ ಹೊಲಿಯುವುದು ನನ್ನ ಚಿಕ್ಕಮ್ಮ. ಮೊಲದ ಕಿವಿಗೆ ಹೊಲಿಗೆ ಹಾಕುತ್ತಾ ಎಲ್ಲ ಕೇಳಿಸಿಕೊಂಡಳು.

“ಅಲ್ವೇ, ಕೊನೇ ಸೀನ್ ಪೂರ್ತಿ ಮರದ ಕೆಳಗೆ ಮಲಗಿರೋ ಹುಲಿಗೆ ಅಷ್ಟೊಂದು ಬೆವರು ಎಲ್ಲಿಂದ ಬರುತ್ತೆ?”

ಮುಖ ಒದ್ದೆ ಇದ್ದರೆ ಕೆಲಸ ಮಾಡಲ್ಲ ಎಂದ ಅಂಗಡಿಯವಳ ಮಾತು ನನಗೆ ಆಗ ನೆನಪಾಯಿತು.

ಆಟ ಮುಗಿದು ಚಪ್ಪಾಳೆ ಬಿದ್ದ ತಕ್ಷಣ ಹಿತ್ತಲ ನಲ್ಲಿಯ ಹತ್ತಿರ ಹೋದೆ. ಹುಲಿ ಅಲ್ಲಿತ್ತು. ಬಾಲ ಒದ್ದೆಯಾಗದಿರಲೆಂದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಟವೆಲನ್ನು ನೀರಿನಲ್ಲಿ ಅದ್ದಿ, ಮುಖದ ಮೇಲೆ ಒತ್ತಿಕೊಳ್ಳುತ್ತಿತ್ತು.

“ಬೆವರಾ?” ಎಂದೆ.

ಅವನು ಬೆಚ್ಚಿಬಿದ್ದ. ಟವೆಲನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅದು ತೊಟ್ಟಿಕ್ಕುತ್ತಿತ್ತು.

“ನನ್ ಮೇಲೆ ಏನ್ ದ್ವೇಷ ನಿಮಗೆ? ಸಾರ್ ಹತ್ರ ನನ್ ಮಾನ ಹೋಗ್ತಿದೆ!”

“ದ್ವೇಷಾನಾ?” ಅಷ್ಟು ಹಳದಿ ಬಣ್ಣದ ಹಿಂದೆಯೂ ಅವನ ಮುಖ ಸಪ್ಪಗಾಗಿದ್ದು ಗೊತ್ತಾಯಿತು. “ಸಾರ್ ವಿಷಯ ನಂಗೆ ಗೊತ್ತಿರ್ಲಿಲ್ಲ, ಸತ್ಯವಾಗ್ಲೂ. ಆ ದಿನ ಎರಡು ನಿಮಿಷಕ್ಕೇ ಏಳಿ ಅಂದ್ಬಿಟ್ರಿ. ಇಡೀ ದಿನ ಗರ್ಜಿಸೋದೇ ಆ ಅರ್ಧ ಗಂಟೆಗೋಸ್ಕರ. ಅದು ಹೋಯ್ತಲ್ಲ ಅಂತ...”

ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಆದರೂ ಸಿಟ್ಟನ್ನು ಅಷ್ಟು ಸುಲಭವಾಗಿ ಬಿಡುವ ಜಾತಿಯಲ್ಲ ನಾನು.

“ದಡ್ಡ! ನಿಮ್ಮ ಕೆನ್ನೆ ಉರಿಯೋದು ನೋಡಕ್ಕಾಗ್ದೆ ನಾನು ಆ ಎಣ್ಣೆ ತಂದಿದ್ದು. ನೀವು ನೋಡಿದ್ರೆ ಬೇಕೂಂತ ಉಜ್ಜಿಸ್ಕೊಳ್ತಿದ್ದೀರಾ?”

“ನನಗೋಸ್ಕರ ತಂದಿದ್ದಾ?”

“ಮತ್ತೆ? ಮೊಲಕ್ಕಾ?”

ಅವನು ಟವೆಲ್ ಹಿಂಡಿ ತಂತಿಗೆ ಹಾಕಿ, ಬಾಲ ಮುದುರಿಕೊಂಡು ನನ್ನ ಹಿಂದೆ ಬಂದ.

ಅವನ ಮುಖವನ್ನು ಒಣ ಬಟ್ಟೆಯಿಂದ ಮೆತ್ತಗೆ ಒತ್ತಿದೆ. ಬಾಟಲಿಯ ಪಂಪ್ ಒತ್ತಿ, ಎಣ್ಣೆ ಸವರಿ, ನೀರು ಮುಟ್ಟಿಸಿದೆ. ಹುಲಿ ಕರಗಿ ಇಳಿಯಿತು. ನಿರ್ದೇಶಕರು ಇಣುಕಿ ನೋಡಿ, “ಪರವಾಗಿಲ್ವೇ! ಎಣ್ಣೆನೇ ಇರ್ಲಮ್ಮ, ನಿನ್ ಆಯ್ಕೆ ಸರಿ,” ಎಂದು ಹೋದರು. ನನಗೆ ಜೀವ ಬಂದಂತಾಯಿತು.

ಅವನು ಮಾತ್ರ ಕುರ್ಚಿಯಿಂದ ಏಳಲಿಲ್ಲ.

“ಈಗೇನು ನೆಪ?” ಎಂದೆ.

“ನೆಪ ಎಲ್ಲ ಮುಗೀತು. ನೀವಂದ್ರೆ ನಂಗೆ ತುಂಬಾ ಇಷ್ಟ. ಅಷ್ಟೇ.” ತನ್ನ ಬರಿಗೆನ್ನೆ ಮುಟ್ಟಿಕೊಂಡ. “ನನ್ ಮುಖ ದಿನಾ ನೋಡ್ತೀರಾ. ನಿಮ್ಮದನ್ನ ಬಣ್ಣ ಇಲ್ದೆ ನಾನು ಒಂದ್ ದಿನಾನೂ ನೋಡಿಲ್ಲ.”

ನಿಜ. ನನ್ನ ಎಡಗೆನ್ನೆಯ ತುಂಬ ಹಳೆಯ ಮೊಡವೆಯ ಕಲೆಗಳಿವೆ. ಕಾಲೇಜಿನ ಕಾಲದಿಂದ ಅವುಗಳ ಮೇಲೆ ಬಣ್ಣ ಬಳಿಯುತ್ತಾ ಬಳಿಯುತ್ತಾ ನಾನು ಈ ಕೆಲಸ ಕಲಿತಿದ್ದು. ಚಿಕ್ಕಮ್ಮನನ್ನು ಬಿಟ್ಟರೆ ಈಗ ಅವುಗಳನ್ನು ಕಂಡವರಿಲ್ಲ. ಹೂಂ ಅನ್ನಲು ಹೆದರಿಕೆ, ಊಹೂಂ ಅನ್ನಲು ಮನಸ್ಸಿಲ್ಲ.

“ಏಳಿ,” ಎಂದೆ.

ಅವನ ಮುಖ ಬಾಡಿತು. ಎದ್ದು ನಿಂತ. ಅವನ ಜಾಗದಲ್ಲಿ ನಾನು ಕೂತೆ.

“ಕೈ ಒಣಗಿದೆಯಾ?”

ಅವನು ತನ್ನ ಹುಲಿಪಟ್ಟೆಯ ಪ್ಯಾಂಟಿಗೆ ಎರಡೂ ಕೈ ಒರೆಸಿಕೊಂಡ. ಪಂಪ್ ಒತ್ತಿದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿದೆ. ಬೆರಳುಗಳು ಹಣೆಯಿಂದ ಹೊರಟು, ಮೂಗಿನ ಪಕ್ಕದಲ್ಲಿ ಇಳಿದು, ಎಡಗೆನ್ನೆಯ ಮೇಲೆ ಬಂದು ನಿಧಾನವಾದವು.

“ಅವು ಹೋಗಲ್ಲ,” ಎಂದೆ. “ಬಣ್ಣ ಅಲ್ಲ.”

“ಗೊತ್ತು. ಉಜ್ಜಲ್ಲ.”

ನೀರು ತಣ್ಣಗೆ ತಾಕಿತು. ಬಟ್ಟೆಯಿಂದ ಒರೆಸಿದ. ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ಎರಡು ಬರಿಮುಖಗಳು, ಎರಡೂ ಎಣ್ಣೆಗೆ ಮಿನುಗುತ್ತಿದ್ದವು. ಅವನು ತಲೆ ಓರೆ ಮಾಡಿ, ಆತುರವೇ ಇಲ್ಲದವನಂತೆ ನೋಡುತ್ತಿದ್ದ. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಅದೇ ನನಗೆ ಆಶ್ಚರ್ಯ.

“ಏನ್ ಹಾಗೆ ನೋಡ್ತಿದೀರಾ?”

“ಮೊದಲನೇ ಸಲ ಅಲ್ವಾ. ಸರಿಯಾಗಿ ನೋಡ್ಕೊಳ್ತಿದೀನಿ.”

ಚಿಕ್ಕಮ್ಮ ಬಾಗಿಲಾಚೆಯಿಂದಲೇ ಕೂಗಿದಳು, “ಏನೇ, ಎಣ್ಣೆ ಕೆಲ್ಸ ಮಾಡ್ತಾ? ಮನೆಗೆ ಹೊರಡೋಣ್ವಾ?”

“ಮಾಡ್ತು ಚಿಕ್ಕಮ್ಮ,” ಎಂದೆ, ಕನ್ನಡಿಯಿಂದ ಕಣ್ಣು ತೆಗೆಯದೆ. “ಆದ್ರೆ ನಂಗಿನ್ನೂ ಅರ್ಧ ಗಂಟೆ ಆಗುತ್ತೆ. ನೀನು ಹೊರಡು.”