‘ಒಬ್ಬಂಟಿ’ಗೆ ಅವಳು ಬರೆಯದ ವಿಮರ್ಶೆ

“ಹಳೆಯ ‘ಒಬ್ಬಂಟಿ’ ಆಡುವಾಗ ನಿಜಕ್ಕೂ ಒಬ್ಬಂಟಿಯಾಗಿದ್ದೆವು. ಹೊಸದರಲ್ಲಿ ಹೆಜ್ಜೆಗೊಂದು ಕಿರುಚಾಟ. ‘ಸಂತೆ’ ಎಂದೇ ಹೆಸರಿಡಬಹುದಿತ್ತು.”

ಪತ್ರಿಕೆಗೆ ವಿಡಿಯೋ ಗೇಮ್ ವಿಮರ್ಶೆ ಬರೆಯುವ ಅವಳು, ಆ ಹಾರರ್ ಗೇಮಿನ ಹೊಸ ಆವೃತ್ತಿಯ ಡೆಮೊವನ್ನು ಬಿಡುಗಡೆಗೆ ಮುಂಚೆಯೇ ಆಡಿ ಬರೆದ ಸಾಲುಗಳಿವು. ಮರುದಿನ ಮಧ್ಯಾಹ್ನವೇ ಗೇಮಿಗೆ ಸದ್ದು ಕೂಡಿಸಿದವನು ಅವಳ ಮೇಜಿನೆದುರು ಬಂದು ನಿಂತ. ಕುತ್ತಿಗೆಯಲ್ಲಿ ಹೆಡ್‌ಫೋನ್, ಮುಖ ಗಂಟು.

“ಜಗಳ ಆಡೋಕಾದ್ರೆ ಸಂಪಾದಕರು ಆ ಕಡೆ ಇದಾರೆ,” ಎಂದಳು.

“ಥ್ಯಾಂಕ್ಸ್ ಹೇಳೋಕೆ ಬಂದೆ. ಆರು ತಿಂಗಳಿಂದ ನಾನೂ ಇದನ್ನೇ ಬಡ್ಕೊಳ್ತಿದ್ದೆ. ನಿಮ್ಮ ‘ಸಂತೆ’ ಓದಿ ನಮ್ಮ ಡೈರೆಕ್ಟರ್ ಸದ್ದು ಸರಿಮಾಡೋಕೆ ಒಂದು ವಾರ ಟೈಮ್ ಕೊಟ್ರು. ಭಯ ಆಗುತ್ತೋ ಇಲ್ವೋ ಹೇಳೋಕೆ ಒಬ್ರು ಬೇಕು. ಬರ್ತೀರಾ?”

ಅವಳು ಹೋದಳು. ಗೋಡೆಗೆಲ್ಲ ಸ್ಪಂಜು ಬಡಿದ ಅವನ ಪುಟ್ಟ ಸ್ಟುಡಿಯೋ. ದಿನಾ ಮಧ್ಯಾಹ್ನ ಅವಳು ಆಡುತ್ತಿದ್ದಳು, ಅವನು ಒಂದೊಂದೇ ಸದ್ದು ಕೀಳುತ್ತಿದ್ದ. ಕಿರುಚಾಟ ಹೋಯಿತು, ಪಿಟೀಲು ಹೋಯಿತು. ಉಳಿದದ್ದು ತೊಟ್ಟಿಕ್ಕುವ ನಲ್ಲಿ ಮತ್ತು ಉಸಿರು.

ನಾಲ್ಕನೇ ದಿನ, ಗೇಮಿನ ಮನೆಯ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು. ಅವಳು ಬೆಚ್ಚಿಬಿದ್ದು ಅವನ ಮುಂಗೈ ಹಿಡಿದಳು. ಸದ್ದು ನಿಂತರೂ ಬಿಡಲಿಲ್ಲ.

“ಅಲ್ಲಿ ಯಾರೂ ಇಲ್ಲ,” ಎಂದ.

“ಗೊತ್ತು.”

“ಮತ್ತೆ ಕೈ?”

“ಭಯ ಆಯ್ತು ಅನ್ನೋಕೆ ಸಾಕ್ಷಿ.”

ಅವನು ನಕ್ಕ. ನಕ್ಕಾಗ ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅದನ್ನೇ ನೋಡುತ್ತ ಕುಳಿತವಳು ಪರದೆಯಲ್ಲಿ ಸತ್ತುಹೋದಳು.

ಗೇಮ್ ಬಿಡುಗಡೆಯಾದ ಬೆಳಿಗ್ಗೆ ವಿಮರ್ಶೆ ಬಂತು: “ಈಗ ಹೆಸರಿಗೆ ತಕ್ಕ ಆಟ.” ಆದರೆ ಬರೆದವರು ಅವಳ ಸಹೋದ್ಯೋಗಿ. ಅದನ್ನು ಓದಿ ಸದ್ದಿನವನು ಪೆಚ್ಚುಮೋರೆ ಹಾಕಿಕೊಂಡು ಅವಳ ಆಫೀಸಿಗೆ ಬಂದ.

“ನೀವೇ ಬರೀತೀರಿ ಅಂದ್ಕೊಂಡಿದ್ದೆ. ನಿಮಗೆ ಹಿಡಿಸಲಿಲ್ವಾ?”

“ನಾನು ಬರೆಯೋ ಹಾಗಿಲ್ಲ. ಸಂಪಾದಕರಿಗೆ ಹೇಳ್ಬಿಟ್ಟೆ.” ಅವಳ ಕಿವಿ ಕೆಂಪಾಯಿತು. “ಗೇಮ್ ಮಾಡಿದವರಲ್ಲಿ ಒಬ್ರು ತುಂಬಾ ಇಷ್ಟ ಆಗ್ಬಿಟ್ಟಿದಾರೆ, ನ್ಯಾಯವಾಗಿ ಬರೆಯೋಕಾಗಲ್ಲ ಅಂತ.”

“ಯಾರು, ಡೈರೆಕ್ಟರಾ?”

“ಅವರಿಗೆ ಮೊಮ್ಮಕ್ಕಳಿದಾರೆ ಕಣ್ರೀ!”

ಇಡೀ ಆಫೀಸು ಗೊಳ್ಳೆಂದಿತು. ಒಳಗಿಂದ ಸಂಪಾದಕರ ದನಿ: “ಹೊರಗೆ ಹೋಗಿ ಮಾತಾಡ್ಕೊಳ್ರಪ್ಪ, ಇಲ್ಲಿ ಕೆಲಸ ಇದೆ!”

ಮೆಟ್ಟಿಲಿಳಿಯುವಾಗ ಅವನು ಮೆಲ್ಲಗೆ ಹೇಳಿದ: “ನಾನೂ ಒಂದು ಹೇಳ್ಬೇಕು. ಕೆಲಸ ನಾಲ್ಕನೇ ದಿನವೇ ಮುಗಿದಿತ್ತು. ಉಳಿದ ಮೂರು ದಿನ ನಿಮ್ಮನ್ನ ನೋಡೋಕೇ ಕರೆಸಿದ್ದು.”

ಅವಳು ನಿಂತುಬಿಟ್ಟಳು.

“ಅಂದ್ರೆ ಮೂರು ದಿನ ಸುಮ್‌ಸುಮ್ನೆ ಹೆದರಿಸಿದ್ಯಾ ನನ್ನ? ಕಳ್ಳ!”

ಹೇಳಿದ ಮೇಲಷ್ಟೇ ಅವಳಿಗೆ ತಿಳಿದದ್ದು, ಬಹುವಚನ ಎಲ್ಲೋ ಮೇಲಿನ ಮೆಟ್ಟಿಲಲ್ಲೇ ಉಳಿದುಹೋಗಿತ್ತು. ಅದನ್ನು ತರಲು ಇಬ್ಬರೂ ವಾಪಸು ಹೋಗಲಿಲ್ಲ.