ಕಹಿಯಣ್ಣನ ನೆಗ್ರೋನಿ

"ನಮ್ಮಣ್ಣ ತಾನಾಗಿ ಕುಡಿದಿಲ್ಲ ಟೀಚರ್. ಯಾರೋ ಕುಡಿಸಿದ್ದಾರೆ."

ಬುಧವಾರ ಬೆಳಿಗ್ಗೆ ಟೀಚರ ಮನೆ ಬಾಗಿಲಲ್ಲಿ ನಿಂತು ಫ್ರಿಜ್ ಮೆಕ್ಯಾನಿಕ್ ಆಡಿದ ಮೊದಲ ಮಾತು ಇದು. ಚಪ್ಪಲಿ ಬಿಡುವಷ್ಟು ವ್ಯವಧಾನವೂ ಅವನಿಗಿರಲಿಲ್ಲ.

ಟೀಚರು ಮೂವತ್ತೊಂದು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಅದೇ ಕಟ್ಟಡದ ಕೆಳಗಿನ ಅಂಗಡಿಯ ಟೈಲರ್. ಅವರು ಬಿಡಿಸಿದ ಒಗಟುಗಳಿಗೆಲ್ಲ ನಾನೇ ಸಾಕ್ಷಿ, ನಾನೇ ವರದಿಗಾರ. ಉಳಿದ ಕೇಸುಗಳನ್ನು ಗ್ರಾಹಕರ ಅಳತೆ ತೆಗೆಯುತ್ತಲೇ ನಗುನಗುತ್ತ ಹೇಳಿಬಿಡುತ್ತೇನೆ. ಇದೊಂದನ್ನು ಹೇಳುವಾಗ ಮಾತ್ರ ಟೇಪು ಕೆಳಗಿಡಬೇಕಾಗುತ್ತದೆ.

ಮೆಕ್ಯಾನಿಕ್‌ನ ಅಣ್ಣನನ್ನು ನಮ್ಮ ಬೀದಿಯವರು ಕಹಿಯಣ್ಣ ಎಂದೇ ಕರೆಯುತ್ತಿದ್ದರು. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಗಂಡ ಹೆಂಡತಿ ಇಬ್ಬರೇ. ದೊಡ್ಡದೊಂದು ಬಾರಿನಲ್ಲಿ ಹದಿನೈದು ವರ್ಷ ಕಾಕ್‌ಟೇಲ್ ಬೆರೆಸಿದವನು. ನೆಗ್ರೋನಿ ಎಂಬ ಇಟಲಿಯ ಕೆಂಪು, ಕಹಿ ಕಾಕ್‌ಟೇಲ್ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬರೀ ಬೆರೆಸುತ್ತಿದ್ದವನು ಒಂದು ಹಂತದಲ್ಲಿ ಕುಡಿಯಲು ಶುರುಮಾಡಿದ. ಹದಿನಾಲ್ಕು ತಿಂಗಳ ಹಿಂದೆ ಡಾಕ್ಟರು, "ಇನ್ನು ಕುಡಿದ್ರೆ ನಿಮ್ಮ ಲಿವರ್ ಕೈಕೊಡುತ್ತೆ" ಎಂದು ಖಡಾಖಂಡಿತವಾಗಿ ಹೇಳಿದ ದಿನವೇ ಬಿಟ್ಟ. ಕೆಲಸವನ್ನೂ ಬಿಟ್ಟ. ಆಮೇಲೆ ಒಂದೇ ಹಠ: ಒಂದು ತೊಟ್ಟೂ ಮದ್ಯವಿಲ್ಲದೆ ಅದೇ ನೆಗ್ರೋನಿಯನ್ನು ಮಾಡಬೇಕು. ಕಹಿ ಬೇರು, ಒಣಗಿದ ಕಿತ್ತಳೆ ಸಿಪ್ಪೆ, ಲವಂಗ, ಕಪ್ಪು ದ್ರಾಕ್ಷಿ ರಸ, ಚಹಾದ ಒಗರು. ಗಂಟಲಲ್ಲಿ ಮದ್ಯದ ಹಾಗೆ ಸುಡಲೆಂದು ಶುಂಠಿ. ಎಷ್ಟು ಸಲ ಕುದಿಸಿದನೋ, ಎಷ್ಟು ಸಲ ಸಿಂಕಿಗೆ ಸುರಿದನೋ! ಕೊನೆಗೆ ಎದುರು ಬದಿಯಲ್ಲಿ ಪುಟ್ಟ ಅಂಗಡಿ ಹಿಡಿದ. ಶುಕ್ರವಾರ ಬಾಗಿಲು ತೆರೆಯುವುದಿತ್ತು. ಮಂಗಳವಾರ ಹನ್ನೊಂದು ಗಂಟೆಗೆ ಮೂವರೇ ಕುಳಿತು ಕೊನೆಯ ರುಚಿ ನೋಡಿದರು: ಕಹಿಯಣ್ಣ, ಅವನ ತಮ್ಮ, ಹಳೆಯ ಬಾರಿನ ಮಾಲೀಕ.

"ಮೊದಲಿಂದ ಹೇಳು," ಎಂದರು ಟೀಚರು. "ಏನೂ ಬಿಡಬೇಡ."

"ಒಂದೇ ಬಾಟಲಿಯಿಂದ ಮೂರು ಗ್ಲಾಸಿಗೂ ಅಣ್ಣನೇ ಬಗ್ಗಿಸಿದ. ಅವನ ಗ್ಲಾಸಿಂದ ಮೊದಲ ಗುಟುಕು ಕುಡಿದವನು ನಾನು. ಶುಂಠಿ, ಕಹಿ, ಅಷ್ಟೇ. ಅವನೂ ಕುಡಿದು, 'ಸಿಕ್ತು ಕಣೋ, ಸಿಕ್ತು' ಅಂತ ಮೇಜು ಕುಟ್ಟಿದ. ಆಮೇಲೆ ಹರಟೆ. ಅರ್ಧ ಗಂಟೆ ಆಗಿರಬೇಕು. ಕೊನೆ ಗುಟುಕು ಬಾಯಲ್ಲಿಟ್ಟುಕೊಂಡೇ ಸುಮ್ಮನಾದ. ಮುಖ ಬಿಳಿಚಿಕೊಳ್ತು. ಗ್ಲಾಸ್ ಕೆಳಗಿಟ್ಟ, ಎದ್ದು ಹೊರಗೆ ಹೋದ. ಗಾಳಿಗೆ ಹೋದ ಅಂದ್ಕೊಂಡೆ." ಮೆಕ್ಯಾನಿಕ್ ಅಂಗೈಯಿಂದ ಮುಖ ಒರೆಸಿಕೊಂಡ. "ಸಂಜೆ ಐದಕ್ಕೆ ಪಾರ್ಕಿನ ಬೆಂಚಿನ ಕೆಳಗೆ ಸಿಕ್ಕ. ಪಕ್ಕದಲ್ಲಿ ಎರಡು ಖಾಲಿ ಬಾಟಲಿ. ಈಗ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ. ಅವನಿಗೆ ರುಚಿ ಹತ್ತಿಸಿದ್ದು ಆ ಮಾಲೀಕನೇ. ನೀನು ವಾಪಸ್ ಬಂದೇ ಬರ್ತೀಯ ನೋಡ್ತಿರು ಅಂತ ಎಲ್ಲರೆದುರು ಅಂದಿದ್ದ."

ನಾವು ಕಹಿಯಣ್ಣನ ಅಂಗಡಿಗೆ ಹೋದೆವು. ಹೊಸ ಬಣ್ಣದ ವಾಸನೆ, ಮೂಲೆಯಲ್ಲಿ ಒಂದು ಚಾಪೆ, ದಿಂಬು. ಭಾನುವಾರದಿಂದ ಕಹಿಯಣ್ಣ ಅಲ್ಲೇ ಮಲಗಿ ಕಷಾಯ ಕುದಿಸುತ್ತಿದ್ದನಂತೆ, ಮನೆಗೆ ಕಾಲಿಟ್ಟಿರಲಿಲ್ಲ. ಮೂರು ಗ್ಲಾಸುಗಳೂ ಮೇಜಿನ ಮೇಲೆ ಹಾಗೇ ಇದ್ದವು. ಟೀಚರು ಬಾಟಲಿಯನ್ನು ಮೂಸಿದರು, ನಾಲಿಗೆಗೆ ಒಂದು ಹನಿ ಹಚ್ಚಿಕೊಂಡರು. "ಇದರಲ್ಲಿ ಏನೂ ಇಲ್ಲ."

ಕಹಿಯಣ್ಣನ ಗ್ಲಾಸಿನ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಮೂಸಿ ನನ್ನ ಮೂಗಿಗೆ ಹಿಡಿದರು. ಶುಂಠಿಯ ಹಿಂದೆ ಆಸ್ಪತ್ರೆಯ ಸ್ಪಿರಿಟ್ ಹತ್ತಿಯ ವಾಸನೆ.

"ಎಲ್ಲರ ಗ್ಲಾಸಿಗೂ ಐಸ್ ಹಾಕಿದ್ರಾ?"

"ನಮ್ಮಿಬ್ಬರಿಗೆ ಮಾಲೀಕರು ತಂದ ಚೌಕ ಐಸು. ಅಣ್ಣನಿಗೆ ಮಾತ್ರ ದೊಡ್ಡ ಉಂಡೆ. ಅದರ ಅಚ್ಚು ಇರೋದು ಒಂದೇ, ಮನೆಯಲ್ಲಿ. ಅತ್ತಿಗೆ ಫ್ಲಾಸ್ಕಿಗೆ ಹಾಕಿ ಕೊಟ್ರು, ಹತ್ತೂವರೆಗೆ ನಾನೇ ತಂದೆ. ಅದೂ ಸರಿಯಾಗಿರಲಿಲ್ಲ ಬಿಡಿ. ಉಂಡೆ ಮೆತ್ತಗಿದೆ ಅಂತ ಅಣ್ಣ ಗೊಣಗ್ತಿದ್ದ. ನನ್ನ ಗ್ಲಾಸಲ್ಲಿ ಪುಟ್ಟ ಚೌಕಗಳೇ ಇನ್ನೂ ತೇಲ್ತಾ ಇದ್ವು, ಅವನ ದಪ್ಪ ಉಂಡೆ ಪೂರ್ತಿ ಕರಗಿತ್ತು."

ಟೀಚರು ಗ್ಲಾಸನ್ನು ಮೇಜಿನ ಮೇಲಿಟ್ಟು ನಮ್ಮ ಕಟ್ಟಡದ ಕಡೆ ಹೊರಟರು. ಮೆಟ್ಟಿಲು ಹತ್ತುವಾಗ ಅವರ ನಡಿಗೆ ಯಾಕೋ ಭಾರವಾಗಿತ್ತು.

ಮೂರನೇ ಮಹಡಿಯಲ್ಲಿ ಕಹಿಯಣ್ಣನ ಹೆಂಡತಿ ಬಾಗಿಲು ತೆರೆದಳು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಬೇಡವೆಂದರೂ ಕೇಳದೆ ಚಹಾಕ್ಕೆ ನೀರಿಟ್ಟಳು. ಅಡುಗೆಮನೆಯಿಂದ ಧಡ್ ಧಡ್ ಎಂದು ಸದ್ದು ಬಂತು. ಕಲ್ಲಾಗಿದ್ದ ಹಾಲಿನ ಪ್ಯಾಕೆಟ್ಟನ್ನು ಕಟ್ಟೆಗೆ ಬಡಿಯುತ್ತಿದ್ದಳು.

"ಫ್ರಿಜ್ ಕೆಟ್ಟಿದೆ ಟೀಚರ್. ಕೆಳಗಿಟ್ಟಿದ್ದ ಹಾಲೂ ಗಡ್ಡೆ ಕಟ್ಟಿದೆ."

"ಕೆಟ್ಟಿರಲ್ಲ ಅತ್ತಿಗೆ, ಹೋದ ತಿಂಗಳು ನಾನೇ ನೋಡಿದ್ನಲ್ಲ," ಎಂದ ಮೆಕ್ಯಾನಿಕ್.

ಟೀಚರು ಫ್ರಿಜ್ಜಿನ ಬಾಗಿಲು ತೆರೆದರು. ತಂಪಿನ ಗುಂಡಿ ಏಳನೇ ಅಂಕದಲ್ಲಿತ್ತು, ಅದಕ್ಕಿಂತ ಮುಂದೆ ತಿರುಗುವುದಿಲ್ಲ. ಅವರು ಮೆಲ್ಲನೆ ಬಾಗಿಲು ಮುಚ್ಚಿದರು.

ನಾನು ಹಜಾರದಲ್ಲಿ ಕುಳಿತು ಗೋಡೆ ನೋಡುತ್ತಿದ್ದೆ. ಒಂದು ಮೊಳೆ, ಅದರ ಕೆಳಗೆ ಸುಣ್ಣ ಮಾಸದೆ ಉಳಿದ ಅಗಲ ಜಾಗ. ಅಲ್ಲಿ ಮೊದಲು ಅವರ ಮಗಳ ಫೋಟೋ ಇತ್ತು. ಮೂರು ವರ್ಷದ ಹಿಂದೆ, ಆರು ತುಂಬುವ ಮೊದಲೇ, ನಾಲ್ಕು ದಿನದ ಜ್ವರದಲ್ಲಿ ಹೋದ ಮಗು. ಚುಕ್ಕಿ ಎಂದು ಕರೆಯುತ್ತಿದ್ದರು. ಅವಳ ಫ್ರಾಕುಗಳನ್ನು ಹೊಲಿದವನು ನಾನೇ.

"ಫೋಟೋ ತೆಗೆದುಬಿಟ್ರಾ ತಾಯಿ?" ಎಂದೆ.

"ಅವರು ತೆಗೆದಿಟ್ರು. ಕುಡಿಯೋದು ಬಿಟ್ಟ ದಿನ." ಚಹಾದ ಲೋಟ ನನ್ನ ಕೈಗಿಟ್ಟು ಆಕೆ ಆ ಖಾಲಿ ಜಾಗವನ್ನೇ ನೋಡುತ್ತ ನಿಂತಳು. ಟೀಚರು ಅವಳನ್ನು ನೋಡುತ್ತಿದ್ದರು.

ಅಂದು ಮನೆಗೆ ಬಂದವರೇ ಟೀಚರು ಎರಡು ಬಟ್ಟಲು ತೆಗೆದರು. ಒಂದಕ್ಕೆ ನೀರು; ಇನ್ನೊಂದಕ್ಕೆ ಅರ್ಧ ನೀರು, ಅರ್ಧ ವೋಡ್ಕಾ. ಎರಡನ್ನೂ ಫ್ರೀಜರಿನಲ್ಲಿಟ್ಟರು. ವೋಡ್ಕಾ ತರಲು ನನ್ನನ್ನೇ ಅಟ್ಟಿದ್ದರು. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗುರುವಾರ ಬೆಳಿಗ್ಗೆ ನೀರು ಕಲ್ಲಾಗಿತ್ತು, ಇನ್ನೊಂದು ಗಂಜಿಯಂತಿತ್ತು. ಫ್ರಿಜ್ಜಿನ ಗುಂಡಿಯನ್ನು ಏಳಕ್ಕೆ ತಿರುಗಿಸಿ ಮತ್ತೊಂದು ರಾತ್ರಿ ಬಿಟ್ಟರು. ಶುಕ್ರವಾರ ಅದೂ ಗಟ್ಟಿಯಾಗಿತ್ತು, ಆದರೆ ಚಮಚ ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗೆ. ಎರಡನ್ನೂ ಗ್ಲಾಸಿಗೆ ಹಾಕಿ ಗಡಿಯಾರ ನೋಡುತ್ತ ಕುಳಿತರು. ವೋಡ್ಕಾ ಬೆರೆತದ್ದು ಮೊದಲು ಕರಗಿ ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಗೊತ್ತಾಯ್ತಾ ಟೀಚರೇ?"

"ಗೊತ್ತಾಯ್ತು ಟೈಲರ್. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು."

"ಹಾಗಾದ್ರೆ ಹೇಳೋದು ಬೇಡ ಬಿಡಿ."

"ಅವನು ಆ ಮನೆಗೇ ವಾಪಸ್ ಹೋಗಬೇಕಲ್ಲ. ಇನ್ನೊಂದು ಸಲ ಹೀಗಾದ್ರೆ ಬದುಕಲ್ಲ."

ಭಾನುವಾರ ಕಹಿಯಣ್ಣನನ್ನು ಆಸ್ಪತ್ರೆಯಿಂದ ಬಿಟ್ಟರು. ಮಧ್ಯಾಹ್ನ ಮೂರಕ್ಕೆ ಅದೇ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ಕಹಿಯಣ್ಣ ಅರ್ಧಕ್ಕರ್ಧ ಇಳಿದುಹೋಗಿದ್ದ. ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ಕೈ ಹೆಣೆದುಕೊಂಡು. ಮೆಕ್ಯಾನಿಕ್ ಮಾಲೀಕನನ್ನು ತಿಂದುಬಿಡುವಂತೆ ನೋಡುತ್ತಿದ್ದ.

"ನೋಡಿ, ಇವನು ವಾಪಸ್ ಬರಲಿ ಅಂತ ಆಸೆ ಇತ್ತು, ಸುಳ್ಳು ಹೇಳಲ್ಲ," ಎಂದ ಮಾಲೀಕ. "ಆದ್ರೆ ಆವತ್ತು ಅದನ್ನ ಕುಡಿದ ಮೇಲೆ ನನ್ನ ಬಾರಲ್ಲೂ ಇದನ್ನೇ ಮಾರೋಣ ಅಂತ ಕೇಳೋನಿದ್ದೆ."

"ನೀವಲ್ಲ ಅಂತ ಗೊತ್ತು," ಎಂದರು ಟೀಚರು. "ಮೂರು ಗ್ಲಾಸಿಗೂ ಬಾಟಲಿ ಒಂದೇ. ಬಾಟಲಿ ಶುದ್ಧ. ಮೊದಲ ಗುಟುಕು ಶುದ್ಧ, ಇಬ್ಬರು ಕುಡಿದು ನೋಡಿದ್ದಾರೆ. ಕೊನೆಯ ಗುಟುಕಲ್ಲಿ ಮದ್ಯ. ನಡುವೆ ಗ್ಲಾಸಿಗೆ ಯಾರೂ ಏನೂ ಸುರಿದಿಲ್ಲ. ಹಾಗಾದ್ರೆ ಮದ್ಯ ಮೊದಲಿಂದಲೂ ಒಳಗೇ ಇತ್ತು, ಮೆಲ್ಲಗೆ ಹೊರಬರ್ತಾ ಇತ್ತು. ಐಸಿನ ಉಂಡೆಯಲ್ಲಿ. ಮದ್ಯ ಬೆರೆತ ಐಸು ಮೆತ್ತಗಿರುತ್ತೆ, ಬೇಗ ಕರಗುತ್ತೆ. ಶುರುವಿನಲ್ಲಿ ಬಂದಿದ್ದು ಶುಂಠಿಯ ಖಾರದಲ್ಲಿ ಮುಚ್ಚಿಹೋಯ್ತು."

"ಫ್ಲಾಸ್ಕ್ ತಂದಿದ್ದು ನಾನು," ಎಂದ ಮೆಕ್ಯಾನಿಕ್, ತಗ್ಗಿದ ದನಿಯಲ್ಲಿ.

"ಫ್ಲಾಸ್ಕಿಗೆ ನೀನು ಸುರಿದಿದ್ರೆ ಮೊದಲ ಗುಟುಕಲ್ಲೇ ವಾಸನೆ ಹೊಡೀತಿತ್ತು. ನೀರಿನ ಜೊತೆಗೇ ಹೆಪ್ಪುಗಟ್ಟಬೇಕಾದ್ರೆ ಒಂದಿಡೀ ರಾತ್ರಿ ಬೇಕು, ಫ್ರಿಜ್ಜಿನ ಗುಂಡಿ ತುದಿಯಲ್ಲಿರಬೇಕು. ಎಷ್ಟು ತಂಪು ಅಂದ್ರೆ, ಕೆಳಗಿಟ್ಟ ಹಾಲೂ ಕಲ್ಲಾಗುವಷ್ಟು. ಭಾನುವಾರದಿಂದ ಕಹಿಯಣ್ಣ ಮನೆಗೇ ಹೋಗಿರಲಿಲ್ಲ." ಟೀಚರು ನಿಲ್ಲಿಸಿದರು. ಮುಂದಿನ ಮಾತನ್ನು ಬಹಳ ಮೃದುವಾಗಿ ಆಡಿದರು. "ಮನೆಯಲ್ಲಿದ್ದವಳು ನೀನೊಬ್ಬಳೇ ಮಗಳೇ."

ಮೆಕ್ಯಾನಿಕ್ ಎದ್ದುನಿಂತ. "ಅತ್ತಿಗೆಯಾ? ಹದಿನಾಲ್ಕು ತಿಂಗಳು ಅವನ ಔಷಧಿ, ಪಥ್ಯ ಎಲ್ಲ ನೋಡ್ಕೊಂಡವರು ಅತ್ತಿಗೆ!"

"ಕೂತ್ಕೋಪ್ಪ," ಎಂದಳು ಆಕೆ. "ನಾನೇ ಹಾಕಿದ್ದು."

ಕಹಿಯಣ್ಣ ಹೆಂಡತಿಯ ಕಡೆ ತಿರುಗಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಹೊಡೆತ ಎಲ್ಲಿಂದ ಬಿತ್ತೆಂದು ತಿಳಿಯದವನ ಬೆಪ್ಪುತನವಿತ್ತು.

"ಯಾಕೆ?"

"ನೀವು ಕುಡಿದು ಬಂದಾಗಲೆಲ್ಲ ಅವಳ ಬಗ್ಗೆ ಮಾತಾಡ್ತಿದ್ರಿ," ಎಂದಳು. "ದಿನಾ ಸಂಜೆ. ನಾನು ಪಕ್ಕದಲ್ಲಿ ಕೂತು ಕೇಳ್ತಿದ್ದೆ. ನನಗೆ ಗೊತ್ತಿಲ್ಲದ್ದೆಲ್ಲ ಹೇಳ್ತಿದ್ರಿ. ಬಿಟ್ಟ ದಿನ ಫೋಟೋ ತೆಗೆದ್ರಿ. ಬಟ್ಟೆ ಕೊಟ್ಟುಬಿಟ್ರಿ. ನಾನು ಹೆಸರೆತ್ತಿದ್ರೆ ಎದ್ದು ಹೋಗ್ತಿದ್ರಿ. ಹದಿನಾಲ್ಕು ತಿಂಗಳು ರೀ. ಆ ಮನೇಲಿ ಚುಕ್ಕಿ ಅನ್ನೋ ಮಾತನ್ನ ಗೋಡೆಗೂ ಹೇಳೋ ಹಾಗಿರಲಿಲ್ಲ." ಹೆಣೆದಿದ್ದ ಕೈ ಬಿಡಿಸಿದಳು. "ಒಂದೇ ಒಂದು ಗ್ಲಾಸ್ ಅಂದ್ಕೊಂಡೆ. ಮನೆಗೆ ಬರ್ತೀರ, ಒಂದು ಸಂಜೆ ಮಾತಾಡ್ತೀರ, ಬೆಳಿಗ್ಗೆ ಎಲ್ಲ ಮೊದಲಿನ ಹಾಗಾಗುತ್ತೆ ಅಂದ್ಕೊಂಡೆ. ಪಾರ್ಕಿಗೆ ಹೋಗ್ತೀರ ಅಂತ ಗೊತ್ತಿರಲಿಲ್ಲ."

"ಅವಳ ಹೆಸರು ಕೇಳಿದ್ರೆ ನಂಗೆ ಕುಡೀಬೇಕು ಅನ್ನಿಸ್ತಿತ್ತು ಕಣೇ," ಎಂದ ಕಹಿಯಣ್ಣ. "ಅದಕ್ಕೇ ಫೋಟೋ ತೆಗೆದೆ. ಅವಳನ್ನ ಮರೆಯೋಕಲ್ಲ."

"ಹೇಳಬಹುದಿತ್ತಲ್ಲ."

"ಹೇಳೋಕೂ ಅವಳ ಹೆಸರೆತ್ತಬೇಕಿತ್ತಲ್ಲ."

ಮಾಲೀಕ ಎದ್ದು ಗೋಡೆಗೆ ಮುಖ ಮಾಡಿ ನಿಂತ. ನನ್ನ ಕಣ್ಣೂ ಮಂಜಾಗಿತ್ತು. ಕಹಿಯಣ್ಣ ಅವಳ ಕಡೆ ಬಾಗಿ ಕೇಳಿದ: "ನಾನು ಏನು ಹೇಳ್ತಿದ್ದೆ?"

"ಏನು ಅಂದ್ರೆ?"

"ಕುಡಿದಾಗ. ಅವಳ ಬಗ್ಗೆ. ನಂಗೆ ಒಂದೂ ನೆನಪಿಲ್ಲ. ಮಾತಾಡ್ತಿದ್ದೆ ಅನ್ನೋದೇ ಈಗ ಗೊತ್ತಾಗ್ತಿದೆ."

ಆಕೆ ಅವನನ್ನೇ ನೋಡಿದಳು. ಇಷ್ಟು ದಿನ ಅವನು ತನ್ನಿಂದ ಬಚ್ಚಿಟ್ಟಿದ್ದಾನೆ ಎಂದುಕೊಂಡಿದ್ದ ಆ ಸಂಜೆಗಳ ಮಾತುಗಳು ಅವನ ಬಳಿ ಇರಲೇ ಇಲ್ಲ, ಎಲ್ಲವೂ ತನ್ನ ಬಳಿಯೇ ಇತ್ತು ಎಂಬುದು ಅವಳಿಗೆ ಆಗ ಹೊಳೆದಿರಬೇಕು.

"ಕಿತ್ತಳೆ ಸಿಪ್ಪೆ ನೆಕ್ಕಿ ಮುಖ ಹಿಂಡ್ಕೊಳ್ತಿದ್ಳಂತೆ," ಎಂದಳು ಮೆಲ್ಲಗೆ. "ಥೂ ಕಹಿ ಅಂತಿದ್ಳಂತೆ. ಅಂದು, ಇನ್ನೊಂದು ಕೊಡಪ್ಪಾ ಅಂತ ಕೈ ಚಾಚ್ತಿದ್ಳಂತೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾವು ಒಬ್ಬೊಬ್ಬರಾಗಿ ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೆವು.

ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಆ ಸಂಜೆಯೇ ಕಹಿಯಣ್ಣ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ತಮ್ಮನ ಮನೆಗೆ ಹೋದ. "ಅವಳ ಮೇಲೆ ಸಿಟ್ಟಿಲ್ಲ ಟೀಚರ್," ಎಂದ ಹೋಗುವಾಗ. "ಆದ್ರೆ ಅವಳು ಒಂದು ಲೋಟ ನೀರು ಕೊಟ್ರೂ ಮೂಸಿ ನೋಡ್ಬೇಕು ಅನ್ನಿಸುತ್ತೆ. ಏನು ಮಾಡ್ಲಿ?" ಆಮೇಲೆ ಆರು ತಿಂಗಳು ಟೀಚರು ಯಾರ ಒಗಟಿಗೂ ಕೈ ಹಾಕಲಿಲ್ಲ. ಅಂಗಡಿ ಒಂದು ತಿಂಗಳು ತಡವಾಗಿ ತೆರೆಯಿತು. ಜನ ಬಂದರು, ಇಷ್ಟಪಟ್ಟರು.

ತೆರೆದ ನಂತರದ ಮೊದಲ ಭಾನುವಾರ ಹನ್ನೊಂದು ಗಂಟೆಗೆ ನಾನು ಮೂರನೇ ಮಹಡಿಗೆ ಪರದೆ ತಲುಪಿಸಲು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಕಹಿಯಣ್ಣ ತನ್ನ ಮನೆಯ ಬಾಗಿಲೆದುರು ನಿಂತಿದ್ದ. ಬಾಗಿಲು ತೆರೆದಿತ್ತು. ಆಕೆ ಒಳಗೆ, ಇವನು ಹೊರಗೆ, ನಡುವೆ ಹೊಸಿಲು.

"ಬನ್ನಿ ಒಳಗೆ," ಎಂದಳು.

"ಬೇಡ. ಇಲ್ಲೇ ನಿಂತು ಹೇಳಿ ಹೋಗ್ತೀನಿ." ಎರಡು ಸಲ ಬಾಯಿ ತೆರೆದು ಮುಚ್ಚಿದ. ಹಿಡಿದಿದ್ದ ಮೆಟ್ಟಿಲ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ಚುಕ್ಕಿ ಸ್ಕೂಲಿಗೆ ಹೋದ ಮೊದಲನೇ ದಿನ," ಎಂದ, "ಬಲಗಾಲಿನ ಶೂ ಎಡಕ್ಕೆ ಹಾಕಿದ್ಳು."

ಆಕೆ ಹೊಸಿಲ ಒಳಬದಿಯಲ್ಲೇ ಕುಳಿತಳು.

"ಹೇಳಿ," ಎಂದಳು. "ಆಮೇಲೆ?"

ಪರದೆಯ ಗಂಟನ್ನು ಎದೆಗವಚಿಕೊಂಡು ನಾನು ಸದ್ದಿಲ್ಲದೆ ಮೆಟ್ಟಿಲಿಳಿದು ಬಂದೆ.