ಸಿಡಿಲಿನ ಅರ್ಜಿ

ಬ್ಯಾಡಗಿಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯೊಂದಿತ್ತು. ಜುಲೈ ತಿಂಗಳ ಒಂದು ಭಾನುವಾರ ಸಾನಿಯಾ ಅದರ ಮುಂದೆ ನಿಂತು, ಒಳಗೆ ತಾಮ್ರದ ತಂತಿ ಸುತ್ತುತ್ತಿದ್ದವನ ಕಡೆಗೆ ಅರ್ಜಿ ಚಾಚಿದಳು. ಬೆಳಗಿನಿಂದ ಅರವತ್ತು ಜನ ಓದದೆಯೇ ಸಹಿ ಮಾಡಿದ್ದರು. ಇವನು ಮಾತ್ರ ಕೈ ಒರೆಸಿಕೊಂಡು, ಸ್ಟೂಲು ಎಳೆದು ಕೂತು, ಮೊದಲ ಎರಡು ಹಾಳೆ ಅಕ್ಷರ ಬಿಡದೆ ಓದಿದ. ಓದಿ, ವಾಪಸ್ ಕೊಟ್ಟ.

"ನಾ ಸಹಿ ಮಾಡಂಗಿಲ್ಲರಿ."

ಸಾನಿಯಾ ರಾಣೇಬೆನ್ನೂರಿನ ಪಿಯು ಕಾಲೇಜೊಂದರಲ್ಲಿ ಫಿಜಿಕ್ಸ್ ಅತಿಥಿ ಉಪನ್ಯಾಸಕಿ. ಬಿಡುವವಳಲ್ಲ. ಸಿಡಿಲು ಬಡಿದು ಸತ್ತವರಿಗೆ ಪರಿಹಾರ ಸಿಗುತ್ತದೆ, ಆದರೆ ಸಿಡಿಲಿನಿಂದ ಉಳಿಸುವ ವಿಜ್ಞಾನಕ್ಕೆ ಸರ್ಕಾರದ ಯೋಜನೆಯಲ್ಲಿ ಒಂದು ಸಾಲೂ ಇಲ್ಲ ಎಂದು ವಿವರಿಸಿದಳು. ಪ್ರತಿ ಪಂಚಾಯತಿಗೆ ಒಂದು ಸಿಡಿಲು ನಿರೋಧಕ, ಮೋಡ ಕವಿಯುವಾಗಲೇ ಕೂಗುವ ಒಂದು ಸೈರನ್, ತಾಲೂಕಿಗೊಬ್ಬ ಎಂಜಿನಿಯರ್. ಕೇಳುತ್ತಿರುವುದು ಇಷ್ಟೇ. ಇದರಲ್ಲಿ ಹೆದರುವಂಥದ್ದೇನಿದೆ?

ಅವನು ಪೂರ್ತಿ ಕೇಳಿಸಿಕೊಂಡ. ಮೀಸೆಯ ಅಂಚಿನಲ್ಲಿ ಸಣ್ಣದೊಂದು ನಗೆ ಬಂದು ನಿಂತಿತ್ತು.

"ಅರ್ಥಿಂಗ್ ನೂರು ಓಮ್ ಇರಬೇಕು ಅಂತ ಬರದೀರಿ. ಹತ್ತರ ಒಳಗ ಇರಬೇಕ್ರಿ. ನೂರಿದ್ರ ಸಿಡ್ಲು ನೆಲಕ್ಕ ಇಳಿಯೂ ಬದ್ಲಿ ಮನಿ ಒಳಗ ಬರ್ತದ."

ಸಾನಿಯಾ ಹಾಳೆ ನೋಡಿದಳು. ಡಿಟಿಪಿ ಮಾಡಿದವನು ಒಂದು ಸೊನ್ನೆ ಹೆಚ್ಚು ಹಾಕಿದ್ದ. ಸಾವಿರ ಪ್ರತಿ ಜೆರಾಕ್ಸ್ ಆಗಿತ್ತು. ಅವಳ ಕಿವಿ ಬಿಸಿಯಾಯಿತು.

"ಏನು ಕಲಿಸ್ತೀರಿ ಕಾಲೇಜಿನಾಗ?"

"ಫಿಜಿಕ್ಸ್," ಎಂದಳು ಸಣ್ಣಗೆ.

ಅವನು ನಗಲಿಲ್ಲ, ನಗದೇ ಇರಲು ಅವನು ಪಟ್ಟ ಕಷ್ಟ ನೋಡಿ ಅವಳಿಗೇ ನಗು ಬಂತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಆ ಸೊನ್ನೆ ಹೊಡೆದುಹಾಕಿ, ಕೆಳಗೆ ಸಹಿ ಮಾಡಿದ: ಜಹೀರ. ಮೂರನೇ ಹಾಳೆ ತಿರುವಿದ. ಅದು ಎರಡು ವರ್ಷಗಳಲ್ಲಿ ಸತ್ತವರ ಪಟ್ಟಿ. ಅವಳೇ ಹಳೆಯ ಪತ್ರಿಕೆ ಹುಡುಕಿ ಬರೆದಿದ್ದ ಹದಿನೇಳು ಹೆಸರು. ಪೆನ್ಸಿಲ್ ಒಂದು ಕಡೆ ನಿಂತಿತು.

"ನಾಕನೇ ಹೆಸರು ನಮ್ಮಣ್ಣಂದು," ಎಂದ.

ಅವನ ಅಣ್ಣ ಅಯಾಜ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕರ್ಜಗಿ ಹತ್ತಿರದ ಹೊಲವೊಂದಕ್ಕೆ ಕೂಲಿಯವರನ್ನು ಕರೆತರಲು ಹೋದವನು ಮಳೆ ಬಂತೆಂದು ಬೇವಿನ ಮರದ ಕೆಳಗೆ ನಿಂತಿದ್ದ. ಪಟ್ಟಿಯ ಐದನೇ ಹೆಸರು ಅದೇ ಮರದ ಕೆಳಗೆ ನಿಂತಿದ್ದ ಹೆಂಗಸಿನದು. ಅವಳ ಮಗಳು ದೀಪಿಕಾ ಸಾನಿಯಾಳ ವಿದ್ಯಾರ್ಥಿನಿ. ತಾಯಿ ಹೋದ ಮೇಲೆ ಕಾಲೇಜು ಬಿಟ್ಟು ಅದೇ ಕೂಲಿಗೆ ಹೋಗುತ್ತಿದ್ದಳು. ಅರ್ಜಿ ಹುಟ್ಟಿದ್ದು ಅವಳ ಖಾಲಿ ಬೆಂಚಿನಿಂದ.

ಮುಂದಿನ ಭಾನುವಾರದಿಂದ ಇಬ್ಬರೂ ಸೇರಿ ಊರು ತಿರುಗಿದರು.

ಸೇರಿ ಅಂದರೆ, ಅವಳು ಬಸ್ಸಿನಲ್ಲಿ, ಅವನು ಬೈಕಿನಲ್ಲಿ. ಜನರ ಬಾಯಿಗೆ ಹೆದರಿ ಅವಳು ಒಂದು ದಿನವೂ ಆ ಬೈಕು ಹತ್ತಲಿಲ್ಲ, ಅವನೂ ಹತ್ತು ಅನ್ನಲಿಲ್ಲ. ಬಸ್ಸಿಗಿಂತ ಮುಂಚೆ ಊರು ಮುಟ್ಟಿ ಸ್ಟಾಪಿನಲ್ಲಿ ನಿಂತಿರುತ್ತಿದ್ದ. ಕಿಟಕಿಯಿಂದ ಅವನು ಕಂಡ ಕೂಡಲೇ ಸಾನಿಯಾ ಸೀಟಿನಿಂದ ಏಳುತ್ತಿರಲಿಲ್ಲ. ಅವನ ಕಣ್ಣು ಮೊದಲ ಕಿಟಕಿಯಿಂದ ಒಂದೊಂದೇ ದಾಟುತ್ತ ತನ್ನ ಕಿಟಕಿಗೆ ಬಂದು ನಿಲ್ಲುವವರೆಗೆ ಕಾಯುತ್ತಿದ್ದಳು. ನಿಂತ ಮೇಲೆ ಎದ್ದು ಇಳಿಯುತ್ತಿದ್ದಳು. ಅವರ ಮಾತು ಉರ್ದುವಿನಲ್ಲಿ ಶುರುವಾಗಿ, ವೋಲ್ಟೇಜಿನ ವಿಷಯ ಬಂದ ಕೂಡಲೇ ಕನ್ನಡಕ್ಕೆ ಜಾರುತ್ತಿತ್ತು.

ಜಹೀರ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ದೂರದ ಮಿಂಚನ್ನು ಮುಂಚಿತವಾಗಿ ಹಿಡಿಯುವ ಸಣ್ಣ ಯಂತ್ರವೊಂದನ್ನು ಅಂಗಡಿಯಲ್ಲೇ ಕಟ್ಟಿದ. ಅದನ್ನು ಮೇಡ್ಲೇರಿಯ ಶಾಲೆಯ ಮಾಳಿಗೆಯ ಮೇಲೆ ಕೂರಿಸಿದ ದಿನ ಸ್ಪ್ಯಾನರ್ ಕೊಡುವ ಕೆಲಸ ಸಾನಿಯಾಳದು. ಹನ್ನೆರಡು ಕೇಳಿದರೆ ಹದಿನಾಲ್ಕು ಕೊಟ್ಟಳು.

"ಮತ್ತ ನಂಬರ್ ತಪ್ಪಿತ್ರಿ ಮೇಡಂ."

"ನೀವು ಹೇಳೂದು ಕೇಳಸಲಿಲ್ಲ."

"ಈಗ ಕೇಳಸ್ತದ?"

ಸರಿಯಾದ ಸ್ಪ್ಯಾನರ್ ಚಾಚಿದಳು. ಅದನ್ನು ತೆಗೆದುಕೊಳ್ಳಲು ಅಷ್ಟು ಹೊತ್ತು ಬೇಕಿರಲಿಲ್ಲ. ಅವನ ಬೆರಳುಗಳಲ್ಲಿ ವಾರ್ನಿಷ್‌ನ ಕಪ್ಪು ಕಲೆ. ಉಗುರಿನ ಸುತ್ತ ತಂತಿ ಗೀರಿದ ಗಾಯ. ಎಲ್ಲವನ್ನೂ ಅವಳು ಆ ಕ್ಷಣಗಳಲ್ಲೇ ಬಾಯಿಪಾಠ ಮಾಡಿಕೊಂಡಳು.

ಕೆಳಗಿಳಿದಾಗ ಕಳೆ ತೆಗೆಯುವ ಹೆಂಗಸರ ಗುಂಪಿನ ಹಿರಿಯಳು ಫಕ್ಕೀರವ್ವ ಹೆಬ್ಬೆಟ್ಟು ಒತ್ತಿ, ಗಂಡ ಹೆಂಡತಿ ಇಬ್ಬರೂ ಚಲೋ ಕೆಲಸ ಹಿಡಿದೀರಿ ಅಂದಳು. ಸಾನಿಯಾ ಅವನು ತಿದ್ದುತ್ತಾನೆಂದು ಕಾದಳು. ಅವನು ಅವಳು ತಿದ್ದುತ್ತಾಳೆಂದು ಕಾದ. ಫಕ್ಕೀರವ್ವ ಹೊಲಕ್ಕೆ ಹೋದಳು.

ಡಿಸೆಂಬರ್ ಹೊತ್ತಿಗೆ ಹನ್ನೊಂದು ಸಾವಿರ ಸಹಿಗಳಾದವು. ರಾಜ್ಯದ ವಿಜ್ಞಾನ ಸಲಹಾ ಸಮಿತಿಯೊಂದು ಜನವರಿಯಲ್ಲಿ ಹಾವೇರಿಗೆ ಬಂದು ಅಹವಾಲು ಕೇಳಲಿದೆ ಎಂದು ಪತ್ರ ಬಂತು. ಅರ್ಜಿಗೆ ಲಗತ್ತಿಸಲು ಅಯಾಜನ ಮರಣ ಪ್ರಮಾಣಪತ್ರದ ಪ್ರತಿ ಬೇಕಿತ್ತು. ಜಹೀರ ಊರಲ್ಲಿರಲಿಲ್ಲ, ಸಾನಿಯಾ ತಾನೇ ಅವನ ಮನೆಗೆ ಹೋದಳು.

ಬಾಗಿಲು ತೆರೆದವಳು ಅಯಾಜನ ಹೆಂಡತಿ ಮುಸ್ಕಾನ್. ಸೊಂಟದಲ್ಲಿ ಒಂದು ಮಗು, ಸೆರಗು ಹಿಡಿದು ಇನ್ನೊಂದು. ಜಹೀರನ ತಾಯಿ ಜೈತೂನಬಿ ಪ್ರೀತಿಯಿಂದ ಚಹಾ ಕೊಟ್ಟರು. ಅರ್ಜಿಯ ಕೆಲಸವೊಂದು ಮುಗಿದರೆ ಸಾಕು, ಮಗ ಅಲ್ಲಿಯವರೆಗೆ ಏನೂ ಕೇಳಬೇಡ ಅಂದಿದ್ದಾನೆ, ರಂಜಾನ್ ಆದ ಮೇಲೆ ಅವನಿಗೂ ಮುಸ್ಕಾನಳಿಗೂ ನಿಕಾಹ್ ಮಾಡಿಬಿಡುತ್ತೇವೆ, ಮನೆಯ ಮಕ್ಕಳು ಮನೆಯಲ್ಲೇ ಉಳಿಯುತ್ತವೆ ಎಂದು ಸಮಾಧಾನದ ದನಿಯಲ್ಲಿ ಹೇಳಿದರು.

ಸಾನಿಯಾ ಚಹಾ ಮುಗಿಸಿದಳು. ಹೇಗೆ ಮುಗಿಸಿದಳೋ ಅವಳಿಗೆ ಗೊತ್ತಿಲ್ಲ.

ಮರಣ ಪ್ರಮಾಣಪತ್ರ ಕೊಡಲು ಮುಸ್ಕಾನ್ ಓಣಿಯವರೆಗೆ ಬಂದಳು. ಸಾನಿಯಾಳ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು.

"ನನಗೂ ಮನಸ್ಸಿಲ್ಲ ಆಪಾ. ಇವತ್ತಿಗೂ ಬೈಕಿನ ಸಪ್ಪಳ ಆದ್ರ ಅವರ ಬಂದ್ರೇನೋ ಅನಸ್ತದ," ಅಂದಳು. "ಆದ್ರ ನಾ ಬ್ಯಾಡ ಅಂದ್ರ ನಮ್ಮಪ್ಪ ಕರಕೊಂಡು ಹೋಗಿ ಬ್ಯಾರೆ ಕಡೆ ಕೊಡ್ತಾನ. ಅಲ್ಲಿ ಈ ಹುಡುಗ್ರನ್ನ ಯಾರು ಇಟ್ಕೊಂತಾರ?"

ಎಂಟು ದಿನ ಸಾನಿಯಾ ಅವನ ಫೋನ್ ಎತ್ತಲಿಲ್ಲ. ಒಂಬತ್ತನೇ ದಿನ ತಾನೇ ಮಾಡಿ, ಗುರುವಾರ ಹನ್ನೊಂದಕ್ಕೆ ಹಾವೇರಿಗೆ ಯಂತ್ರ ಬಿಚ್ಚಿ ತರಬೇಕು ಎಂದಷ್ಟೇ ಹೇಳಿ ಇಟ್ಟಳು.

ಗುರುವಾರ ಇಬ್ಬರೂ ಸಮಿತಿಯ ಮುಂದೆ ಅಕ್ಕಪಕ್ಕ ನಿಂತು, ಒಬ್ಬರನ್ನೊಬ್ಬರು ನೋಡದೆ ಮಾತಾಡಿದರು. ಅವನು ಯಂತ್ರ ನಡೆಸಿ ತೋರಿಸಿದ. ಅವಳು ಲೆಕ್ಕ ಬಿಡಿಸಿ ಹೇಳಿದಳು. ಸಮಿತಿಯ ಒಬ್ಬರು ಗಡಿಯಾರ ನೋಡುತ್ತ, ಪರಿಹಾರ ಹೇಗೂ ಕೊಡುತ್ತಿದ್ದೇವಲ್ಲ ಅಂದಾಗ ಸಾನಿಯಾಳ ಕಾಲೇಜಿನ ಕನ್ನಡ ಜಾರಿ ಮನೆಯ ಕನ್ನಡ ಬಂತು.

"ಸತ್ತಮ್ಯಾಲ ಕೊಡೂದು ನೀತಿಯೊಳಗ ಐತಿ ಸರ್. ಸಾಯದಂಗ ನೋಡ್ಕೊಳ್ಳೂದು ಯಾವ ನೀತಿಯೊಳಗೂ ಇಲ್ಲ. ಅದನ್ನ ಬರೀರಿ ಅಂತ ಕೇಳಾಕ ಬಂದೇವಿ."

ಆ ಸದಸ್ಯರು ಗಡಿಯಾರ ಬಿಟ್ಟು ಹೆಸರುಗಳ ಪಟ್ಟಿ ತೆಗೆದರು. ಮೂವತ್ತು ಪಂಚಾಯತಿಗಳಲ್ಲಿ ಮೊದಲು ಮಾಡಿ ನೋಡಲು ಶಿಫಾರಸು ಮಾಡುವುದಾಗಿ ಅಧ್ಯಕ್ಷರು ಹೇಳಿದರು.

ಗೆದ್ದಿದ್ದರು. ಇಬ್ಬರೂ ಹಾವೇರಿ ಬಸ್ ಸ್ಟ್ಯಾಂಡಿಗೆ ನಡೆದರು.

"ಮೊದಲ ಹೇಳಬೇಕಾಗಿತ್ತು," ಎಂದ ಜಹೀರ.

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬರೂದು ಬಿಡ್ತಿದ್ರಿ." ಅವನು ಯಂತ್ರದ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದ. "ಮಂದಿ ಸಹಿ ಮಾಡಿದಂಗೆಲ್ಲ ಖುಷಿ ಆಗಬೇಕಾಗಿತ್ತು. ನನಗ ಅಂಜಿಕಿ ಆಗ್ತಿತ್ತು. ಸಹಿ ಮುಗದ್ರ ಮನಿಗೆ ಹೋಗಿ ಹೂಂ ಅನಬೇಕು."

ರಾಣೇಬೆನ್ನೂರಿನ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

"ಸಾನಿಯಾ," ಎಂದ. ಇಷ್ಟು ದಿನ ಮೇಡಂ ಅನ್ನುತ್ತಿದ್ದ. "ನಿನ್ನ ಬಿಟ್ಟು ನನಗ ಏನೂ ಬ್ಯಾಡ. ನೀ ಒಂದು ಮಾತು ಹೇಳು, ಇವತ್ತ ಹೋಗಿ ಆಗಂಗಿಲ್ಲ ಅಂತೀನಿ."

ಆರು ತಿಂಗಳು ಅವಳು ಕಾದ ಮಾತು ಅದು. ಕೇಳಿದಾಗ ಎದೆ ತುಂಬಿ, ಅದೇ ಉಸಿರಿಗೆ ಒಡೆಯಿತು. ಹೂಂ ಅನ್ನಲು ಎಷ್ಟು ಸುಲಭ. ಮುಸ್ಕಾನಳ ಸೊಂಟದ ಮಗು ತನ್ನ ಕಡೆ ತಿರುಗಿ ನಕ್ಕಿದ್ದು ಕಣ್ಣೆದುರು ಬಂತು.

"ಆ ಹುಡುಗ್ರು ನಿಮ್ಮನ್ನ ಏನಂತ ಕರೀತಾವ?"

"ಚಾಚಾ ಅಂತಾವ."

"ಇನ್ನ ಮ್ಯಾಲ ಅಬ್ಬಾ ಅನ್ನಲಿ."

ಅವನು ತಲೆ ತಗ್ಗಿಸಿದ. ಕಂಡಕ್ಟರ್ ಸೀಟಿ ಊದಿದ. ಸಾನಿಯಾ ಮೆಟ್ಟಿಲಿನ ಮೇಲೆ ಕಾಲಿಟ್ಟು ತಿರುಗಿದಳು.

"ಒಂದು ಮಾತು ಹೇಳಿಲ್ಲ ನಿಮಗ. ಒಂದ ಸಲಕ್ಕ ಸಹಿ ಮುಗದಿದ್ವು, ಬಹಳ ಊರಾಗ. ಎರಡನೇ ಸಲ ನಾ ಸುಮ್ನ ಬಂದೆ. ನೀವು ಸ್ಟಾಪಿನಾಗ ನಿಂತಿರೂದನ್ನ ನೋಡಾಕ."

ಬಸ್ಸು ಹೊರಟಿತು. ಈ ಸಲ ಅವಳು ಕಿಟಕಿಯ ಕಡೆ ಕೂರಲಿಲ್ಲ.

ರಂಜಾನ್ ಮುಗಿದ ಎರಡನೇ ವಾರ ನಿಕಾಹ್ ಆಯಿತು. ಸಾನಿಯಾ ತಂದೆಯೊಂದಿಗೆ ಹೋದಳು. ಹೆಂಗಸರ ನಡುವೆ ಮುಸ್ಕಾನ್ ಅವಳ ಕೈ ಹಿಡಿದವಳು ಊಟಕ್ಕೆ ಕರೆಯುವವರೆಗೂ ಬಿಡಲಿಲ್ಲ. ಸಾನಿಯಾಳ ತಂದೆ ಗೂಡುಸಾಬ ನಿವೃತ್ತ ಬಸ್ ಡ್ರೈವರ್, ಮಾತು ಕಡಿಮೆ. ವಾಪಸ್ ಬರುವಾಗ ಮೋಟೆಬೆನ್ನೂರು ದಾಟಿದ ಮೇಲೆ, ಚಲೋ ಹುಡುಗ ಇದ್ದ ಅಂದರು. ಹೂಂ ಅಬ್ಬಾ, ಅಂದಳು. ಊರು ಬರುವವರೆಗೆ ಅವರು ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.

ಏಪ್ರಿಲ್‌ನಲ್ಲಿ ಸರ್ಕಾರದ ಆದೇಶ ಬಂತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಮೂವತ್ತು ಪಂಚಾಯತಿಗಳಲ್ಲಿ ಮೇಡ್ಲೇರಿಯೂ ಒಂದು.

ಜೂನ್ ಕೊನೆಯ ವಾರ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಫಕ್ಕೀರವ್ವನ ಫೋನ್ ಬಂತು. ಗೋವಿನಜೋಳದ ಹೊಲದಲ್ಲಿ ನಲವತ್ತು ಹೆಂಗಸರು ಕಳೆ ತೆಗೆಯುತ್ತಿದ್ದರಂತೆ. ಶಾಲೆಯ ಮೇಲೆ ಹೊಸದಾಗಿ ಹಾಕಿದ ಸೈರನ್ ಕೂಗಿತಂತೆ. ಬೈದುಕೊಳ್ಳುತ್ತಲೇ ಎಲ್ಲರೂ ಶಾಲೆಗೆ ಓಡಿದರಂತೆ. ಅವರು ಬುತ್ತಿ ಇಟ್ಟಿದ್ದ ಮರಕ್ಕೇ ಸಿಡಿಲು ಬಡಿಯಿತು. ಮರ ನಡುವೆ ಸೀಳಿ ನಿಂತಿದೆ.

"ಯಾರೂ ಸತ್ತಿಲ್ಲವ್ವ," ಅಂದಳು ಮುದುಕಿ. "ಒಬ್ಬಾಕಿನೂ ಸತ್ತಿಲ್ಲ."

ಸಾನಿಯಾ ಫೋನ್ ಇಟ್ಟು ಮುಖ ಮುಚ್ಚಿಕೊಂಡಳು. ಆರು ತಿಂಗಳಿಂದ ತಡೆದಿದ್ದೆಲ್ಲ ಬಂತು, ಸಂತೋಷದ್ದು ಯಾವುದು, ದುಃಖದ್ದು ಯಾವುದು ಅವಳಿಗೇ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ, ಅವನಿಗೆ ಎಂದೂ ಮೆಸೇಜ್ ಮಾಡುವುದಿಲ್ಲ ಎಂದುಕೊಂಡಿದ್ದವಳು ಬರೆದಳು: ಮೇಡ್ಲೇರಿಯಲ್ಲಿ ನಲವತ್ತು ಜನ ಉಳಿದರು.

ಉತ್ತರ ಕೂಡಲೇ ಬಂತು.

"ಗೊತ್ತಾತು. ಅಳಬ್ಯಾಡ."

ಅವಳು ಆ ಎರಡು ಮಾತುಗಳನ್ನು ಬೆಲ್ ಹೊಡೆಯುವವರೆಗೆ ನೋಡುತ್ತ ಕೂತಳು. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದಳು.